ಪಿಡಿಯರಿಯ ಡಬ್ಬ

ಭಾನುವಾರದ ಪಾಠಕ್ಕೆ ಬರುವ ಮಕ್ಕಳಿಗೆ ನಾನು ಮೊದಲು ಕಲಿಸಿದ್ದು ಪಿಡಿಯರಿ. ಅನ್ನಕ್ಕಿಡುವಾಗ ಅಕ್ಕಿಯಲ್ಲಿ ಒಂದು ಹಿಡಿ ತೆಗೆದಿಡಬೇಕು. ಅದು ಯೇಸುವಿನ ಪಾಲು, ಅಂದರೆ ಹಸಿದವರ ಪಾಲು. ಕೊಳವಳ್ಳಿಯ ನಮ್ಮ ಚಿಕ್ಕ ಚರ್ಚಿನ ಡಬ್ಬಕ್ಕೆ ಮಕ್ಕಳು ಅದನ್ನು ತಂದು ಸುರಿಯುತ್ತಿದ್ದರು. ಕೆಂಪಕ್ಕಿ, ರೇಷನ್ನಿನ ಬಿಳಿ ಅಕ್ಕಿ, ಗದ್ದೆಯಿದ್ದವರ ಮನೆಯ ಘಮಘಮಿಸುವ ಗಂಧಕಸಾಲೆ, ಎಲ್ಲ ಬೆರೆತುಹೋಗುತ್ತಿತ್ತು. ವಾರಕ್ಕೊಮ್ಮೆ ನಾನೇ ಅದನ್ನು ಬಡವರ ಬಾಗಿಲಲ್ಲಿಟ್ಟು, ಕೂಗದೆ ಬರುತ್ತಿದ್ದೆ. ಕೊಟ್ಟವರು ಯಾರೆಂದು ಪಡೆದವರಿಗೆ ತಿಳಿಯಬಾರದು.

ಪುಲ್ಪಳ್ಳಿಯ ಪೊಲೀಸ್ ಕ್ಯಾಂಪಿನ ಮೇಲೆ ನಕ್ಸಲರು ಬಿದ್ದ ವರ್ಷ ಅದು. ಕಾಡಿನಲ್ಲಿ ಅಡಗಿದವರಿಗೆ ಅಕ್ಕಿ ಕೂಡಿಸುವವರನ್ನು ಪೊಲೀಸರು ಹುಡುಕುತ್ತಿದ್ದರು. ಒಂದು ಭಾನುವಾರ ಮಕ್ಕಳು ಡಬ್ಬದ ಮುಂದೆ ಸಾಲು ನಿಂತಿದ್ದಾಗ ಜೀಪು ಬಂತು. ಅದರಿಂದ ಮಾರನನ್ನು ಇಳಿಸಿದರು. ಕೈ ಕಟ್ಟಿತ್ತು, ತುಟಿ ಒಡೆದಿತ್ತು. ಅವನು ಕಾಡಂಚಿನ ಗುಡಿಸಲಿನವನು, ಜೇನು ಕೀಳುವವನು. ಅವನ ಮಗಳು ಚಿಕ್ಕಿ ಅದೇ ಸಾಲಿನಲ್ಲಿದ್ದಳು.

ಇನ್‌ಸ್ಪೆಕ್ಟರ್ ಒಂದು ಗಂಟು ಬಿಚ್ಚಿ ತೋರಿಸಿದ. "ಒಂದು ಸೆಂಟು ಗದ್ದೆ ಇಲ್ಲದವನ ಮನೇಲಿ ಮೂರು ಬಗೆ ಅಕ್ಕಿ! ಹತ್ತು ಮನೆಯಿಂದ ಕೂಡಿಸಿದ್ದು. ಯಾರು ಕೊಟ್ಟರು ಅಂತ ಇವನು ಬಾಯಿ ಬಿಡ್ತಿಲ್ಲ. ಟೀಚರೇ, ನಿಮಗೇನಾದ್ರೂ ಗೊತ್ತಾ?"

ಮಾರನ್ ಬಾಯಿ ಬಿಡುವುದಾದರೂ ಹೇಗೆ? ಗೊತ್ತಿದ್ದವಳು ನಾನೊಬ್ಬಳೇ. ತ್ರೇಸ್ಯಾ ಟೀಚರ ಬಾಯಿ ಬೊಂಬಾಯಿ ಎಂದು ಊರೇ ನನ್ನನ್ನು ಆಡಿಕೊಳ್ಳುತ್ತಿತ್ತು. ಆವತ್ತು ಮಾತ್ರ ಜೈಲಿನ ಹೆದರಿಕೆಗೆ "ಇಲ್ಲ" ಎಂದುಬಿಟ್ಟೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ!

"ಹಾಗಾದ್ರೆ ಜೈಲಿಗೇ ಹೋಗಲಿ" ಎಂದು ಅವನು ಮಾರನನ್ನು ಜೀಪಿನತ್ತ ತಳ್ಳಿದ.

ಚಿಕ್ಕಿಯ ಸರದಿ ಬಂದಿತ್ತು. ಅಳುತ್ತಲೇ ಡಬ್ಬದ ಮೇಲೆ ಕೈಚಾಚಿ ಹಿಡಿ ಬಿಚ್ಚಿದಳು. ಬಿದ್ದದ್ದು ಅದೇ ಮೂರು ಬಗೆಯ ಅಕ್ಕಿ. ಇನ್‌ಸ್ಪೆಕ್ಟರ್ ಓಡಿಬಂದು ಅವಳ ಕೈ ಹಿಡಿದ.

"ಇದು ಎಲ್ಲಿಂದ ಬಂತು?"

"ಬಾಗ್ಲಲ್ಲಿತ್ತು. ಯಾರ್ ಇಟ್ಟಾರೋ ಗೊತ್ತಿಲ್ಲೆ. ಅನ್ನಕ್ಕಿಡಾಗ ಒಂದ್ ಹಿಡಿ ತೆಗ್ದೆ" ಎಂದು ಬಿಕ್ಕಿದಳು. "ನಮ್ಗಿಂತ ಹಸ್ದವ್ರಿಗೆ. ಟೀಚರ್ ಹೇಳಿಕೊಟ್ಟಾರೆ."

ನಾಚಿಕೆ ತಡೆಯಲಾಗದೆ ನಡುವೆ ನುಗ್ಗಿದೆ. "ಮಗುವಿನ ಕೈ ಬಿಡಿ!" ಎಂದು ಕಿರುಚಿದೆ. "ಆ ಅಕ್ಕಿ ಇಟ್ಟವಳು ನಾನು. ಡಬ್ಬ ನೋಡಿ, ಅದೇ ಅಕ್ಕಿ."

ಅವನು ಡಬ್ಬದೊಳಗೆ ಕೈಹಾಕಿ ನೋಡಿದ. ಮಾರನ ಕಟ್ಟು ಬಿಚ್ಚಿಸಿದ. "ಇನ್ನೂ ಯಾರ್ಯಾರಿಗೆ ಕೊಟ್ಟಿದ್ದೀರಿ ಅಂತ ಸ್ಟೇಷನ್ನಿನಲ್ಲಿ ಹೇಳಿ. ಹತ್ತಿ" ಎಂದ.

ನಾನು ಜೀಪು ಹತ್ತುವಾಗ ಮಾರನ್ ಮಗಳನ್ನು ಎತ್ತಿಕೊಂಡು ಹತ್ತಿರ ಬಂದ. ತುಟಿಯಿಂದ ಇನ್ನೂ ರಕ್ತ ಒಸರುತ್ತಿತ್ತು.

"ಮೊದ್ಲೇ ಹೇಳಾದಲ್ವ, ಟೀಚರೆ?" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ.