ಮೇಸ್ತ್ರಮ್ಮ ಆಚೆ ತಿರುಗಲಿ

ಮುನ್ನೂರು ಮಕ್ಕಳಿಗೆ ದಿನಾ ಮಧ್ಯಾಹ್ನ ಬಡಿಸಿದ ಕೈ ಇದು. ನಮ್ಮ ಕಡಲೂರು ಮತೊಸಿನ್ಯೋಸ್‌ನ ಶಾಲೆಯ ಅಡುಗೆಮನೆಯಲ್ಲಿ ನಾನಿದ್ದಷ್ಟು ಕಾಲ ಒಂದು ಮಗುವೂ ತಟ್ಟೆಯಲ್ಲಿ ಬಿಟ್ಟು ಎದ್ದಿಲ್ಲ. ಎದ್ದರೆ ಕಿವಿ ಹಿಂಡಿ ಕೂರಿಸುತ್ತಿದ್ದೆ. ಅಂಥ ನನ್ನ ಕೈಯಲ್ಲಿ ಒಬ್ಬಳು ಮುದುಕಿಯ ಬಾಯಿಗೆ ಒಂದು ಚಮಚ ಸಾರು ಹಾಕಲು ಆಗಲಿಲ್ಲ. ಮುದುಕಿ ಬೇರೆ ಯಾರೂ ಅಲ್ಲ, ನನ್ನ ಹೆತ್ತಮ್ಮ ಎರ್ಮೀನಿಯ.

ಅಮ್ಮನಿಗೆ ಮರೆವು ಹಿಡಿದು ಎರಡು ವರ್ಷ ದಾಟಿತ್ತು. ನಾನು ಯಾರೆಂದು ಗೊತ್ತಿಲ್ಲ, ತಾನು ಯಾರೆಂದೂ ಗೊತ್ತಿಲ್ಲ. ಆದರೂ ಕೊಟ್ಟದ್ದನ್ನು ತಿನ್ನುತ್ತಿದ್ದಳು. ಒಂದು ಭಾನುವಾರದಿಂದ ಅದೇನಾಯಿತೋ, ಜಪ್ಪಯ್ಯ ಅಂದರೂ ಬಾಯಿ ಬಿಡಳು. ನೀರು ಮಾತ್ರ ಕುಡಿಯುತ್ತಾಳೆ. ಚಮಚ ಕಂಡರೆ ತುಟಿಗೆ ಅಗುಳಿ ಬಿದ್ದ ಹಾಗೆ.

ಮೂರನೆಯ ದಿನ ಬೆಳಿಗ್ಗೆ ನರ್ಸ್ ಮಫಾಲ್ದಾ ಬಂದು ನೋಡಿ ಹೋಗಿದ್ದಳು. ಚಿಕ್ಕ ಹುಡುಗಿ, ಒಳ್ಳೆಯವಳು, ಆದರೆ ಹೇಳುವುದನ್ನು ಕಡ್ಡಿ ತುಂಡು ಮಾಡಿದ ಹಾಗೆ ಹೇಳುತ್ತಾಳೆ.

"ಗಂಟಲು ಸರಿಯಾಗೇ ಇದೆ ಇಸೌರಾ ಅವರೇ. ತಿನ್ನಲ್ಲ ಅಂತ ಹಟ ಅಷ್ಟೆ. ನಾಳೆ ಬೆಳಿಗ್ಗೆ ಬರ್ತೀನಿ. ಅಷ್ಟರಲ್ಲಿ ಏನಾದ್ರೂ ಹೊಟ್ಟೆಗೆ ಹೋಗಿದ್ರೆ ಸರಿ. ಇಲ್ಲಾಂದ್ರೆ ಆಸ್ಪತ್ರೆಗೆ ಸೇರಿಸ್ಲೇಬೇಕು. ಮೂಗಿಂದ ನಳಿಗೆ ಹಾಕ್ತಾರೆ."

"ಕಿತ್ತು ಬಿಸಾಕ್ತಾಳೆ ಕಣಮ್ಮ ಅವಳು."

"ಅದಕ್ಕೇ ಕೈ ಕಟ್ತಾರೆ," ಎಂದಳು ಹುಡುಗಿ, ನನ್ನ ಮುಖ ನೋಡದೆ.

ನನ್ನ ಚಿಕ್ಕಮ್ಮ ಸತ್ತದ್ದು ಹಾಗೆಯೇ, ಎರಡೂ ಮಣಿಕಟ್ಟು ಮಂಚದ ಸರಳಿಗೆ ಬಿಗಿಸಿಕೊಂಡು. ಕೊನೆಯ ದಿನ ನಾನು ಹೋದಾಗ ಕಣ್ಣಲ್ಲೇ ಬಿಚ್ಚು ಬಿಚ್ಚು ಎಂದು ಬೇಡಿದಳು. ಅಮ್ಮನ ಕೈಯಂತೂ ಒಂದು ಗಳಿಗೆ ಸುಮ್ಮನಿದ್ದುದಲ್ಲ. ಮೀನಿನ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಡಬ್ಬಿಗೆ ಬೂತಾಯಿ ತುಂಬಿದ ಕೈ. ಈಗಲೂ ಹೊದಿಕೆಯ ಅಂಚು ಮಡಿಸುತ್ತ, ಗುಂಡಿಗಳನ್ನು ಸಾಲಾಗಿಡುತ್ತ ಕೂತಿರುತ್ತಾಳೆ. ಅವಳಲ್ಲಿ ಇನ್ನೂ ಬದುಕಿದ್ದುದು ಆ ಎರಡು ಕೈ ಮಾತ್ರ. ಅವನ್ನೂ ಕಟ್ಟಿಹಾಕಿದರೆ ಉಳಿಯುವುದೇನು?

ಮಧ್ಯಾಹ್ನದವರೆಗೆ ನಾನು ಮಾಡದ ಅಡುಗೆಯಿಲ್ಲ. ಆಲೂಗಡ್ಡೆ ಅರೆದು ಸೊಪ್ಪಿನ ಸಾರು, ಚಕ್ಕೆಪುಡಿ ಉದುರಿಸಿದ ಪಾಯಸ, ಮೊಟ್ಟೆ, ಹಾಲಲ್ಲಿ ನೆನೆಸಿದ ಬ್ರೆಡ್ಡು. ಮುದ್ದು ಮಾಡಿದೆ, ಗದರಿಸಿದೆ, ಕೊನೆಗೆ ಅವಳ ಮುಂದೆಯೇ ಗೊಳೋ ಎಂದು ಅತ್ತೆ.

"ಒಂದೇ ಒಂದು ತುತ್ತು ತಿನ್ನೆ ಮಾರಾಯ್ತಿ! ನಾಳೆ ಕರ್ಕೊಂಡು ಹೋಗ್ತಾರೆ ನಿನ್ನ!"

ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾರಮ್ಮ ನೀನು? ನಿಮ್ಮನೇಲಿ ಕೆಲಸ ಇಲ್ವಾ?" ಎಂದು ಆಚೆ ಮಗ್ಗುಲಾಗಿ ನಿದ್ದೆ ಹೋದಳು.

ನಾನು ಅಡುಗೆಮನೆಗೆ ಬಂದು ತಲೆ ಹಿಡಿದು ಕೂತಿದ್ದಾಗ ಮೇಲಿನ ಮಹಡಿಯ ಲುದೊವೀನಕ್ಕ ಬಂದರು. ಅಮ್ಮನ ಜೊತೆ ಅದೇ ಕಾರ್ಖಾನೆಯಲ್ಲಿ, ಅದೇ ಮೇಜಿನಲ್ಲಿ ದುಡಿದವರು. ಎಂಬತ್ತಾದರೂ ಗಂಟಲು ಮಾತ್ರ ಹರೆಯದ್ದು.

"ನೀನು ಏನಾದ್ರೂ ತಿಂದ್ಯೇನೆ?"

"ಇಲ್ಲ ಅಕ್ಕ. ಅವಳು ತಿನ್ನದೆ ನನಗೆ ಹೇಗೆ ಇಳಿಯುತ್ತೆ?"

"ಹೂಂ, ಸರಿಹೋಯ್ತು. ಇಬ್ರೂ ಒಟ್ಟಿಗೆ ಸಾಯಿರಿ, ಹೂವಿನ ಖರ್ಚು ಒಂದೇ ಆಗುತ್ತೆ," ಎನ್ನುತ್ತ ಅಂಗಿಯ ಎರಡೂ ಜೇಬಿನಿಂದ ಒಂದೊಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಡಬ್ಬಿ ಬೂತಾಯಿ.

ನಾನು ಹೌಹಾರಿ ಕೋಣೆಯ ಬಾಗಿಲ ಕಡೆ ನೋಡಿದೆ. ನಮ್ಮ ಮನೆಯೊಳಗೆ ಇದು ಬಂದದ್ದೇ ಇಲ್ಲ. ಜೂನ್ ಬಂತೆಂದರೆ ಬೀದಿಯ ಕೆಂಡದ ಮೇಲೆ ಸುಟ್ಟ ಹಸಿ ಬೂತಾಯಿಯನ್ನು ನಾವೂ ಎಲ್ಲರಂತೆ ಬಾರಿಸುತ್ತಿದ್ದೆವು. ಡಬ್ಬಿಯದು ಮಾತ್ರ ಕೂಡದು. ಹುಡುಗಿಯಾಗಿದ್ದಾಗ ಯಾರೋ ಗೆಳತಿ ಕೊಟ್ಟಳೆಂದು ಒಂದು ತಂದಿದ್ದೆ. ಅಮ್ಮ ಅದನ್ನು ಕಿಟಕಿಯಿಂದ ಬೀದಿಗೆ ಎಸೆದಳು. ಯಾಕೆಂದು ಕೇಳಿದರೆ, "ದಿನವಿಡೀ ಅದರ ಮುಖ ನೋಡಿ ಬಂದವಳಿಗೆ ಮನೇಲೂ ಅದೇ ಮುಖ ಬೇಡ," ಎಂದಿದ್ದಳು. ಬೂತಾಯಿ ಊರಿನಲ್ಲಿ ಹುಟ್ಟಿ, ಅರವತ್ತು ದಾಟಿ, ನಾನು ಡಬ್ಬಿಯದರ ರುಚಿ ನೋಡಿರಲಿಲ್ಲ. ಬೇರೆಯವರ ಮನೆಯಲ್ಲಿ ಕೊಟ್ಟರೂ ಅಮ್ಮ ಹಿಂದೆಯೇ ನಿಂತಿದ್ದಾಳೆ ಅನ್ನಿಸಿ ಕೈ ಹಿಂದೆ ಸರಿಯುತ್ತಿತ್ತು.

"ಅಮ್ಮನಿಗೆ ಆಗಲ್ಲ ಅಕ್ಕ."

"ಅವಳ ಹೆಸರೇ ಅವಳಿಗೆ ನೆನಪಿಲ್ಲ. ಇದು ಬೇಡ ಅಂದಿದ್ದು ನೆನಪಿರುತ್ತಾ? ತಿನ್ನು ಸುಮ್ನೆ."

ಲುದೊವೀನಕ್ಕ ಮುಚ್ಚಳ ಎಳೆದರು. ಲವಂಗ, ಬಿರಿಯಾನಿ ಎಲೆ, ಒಣಮೆಣಸಿನಕಾಯಿಯ ವಾಸನೆ ಮೊದಲು ಬಂತು, ಮೀನಿನದು ಆಮೇಲೆ. ಹೊಂಬಣ್ಣದ ಎಣ್ಣೆಯಲ್ಲಿ ಬೆಳ್ಳಿ ಮೈಗಳು ಒತ್ತಾಗಿ ಮಲಗಿದ್ದವು, ಮೇಲೊಂದು ಕ್ಯಾರೆಟ್ಟಿನ ಬಿಲ್ಲೆ. ಒಂದನ್ನು ಮೆಕ್ಕೆಜೋಳದ ಬ್ರೆಡ್ಡಿನ ಮೇಲಿಟ್ಟು ಕಚ್ಚಿದೆ.

ಅಯ್ಯೋ ದೇವರೇ! ಮುಳ್ಳು ಕೂಡ ಬೆಣ್ಣೆಯ ಹಾಗೆ ಕರಗಿತು. ಮೊದಲು ಉಪ್ಪು, ಆಮೇಲೆ ಎಣ್ಣೆಯ ನುಣುಪು, ನುಂಗುವಾಗ ಗಂಟಲಲ್ಲಿ ಒಂದು ಸಣ್ಣ ಖಾರ. ಅರವತ್ತು ವರ್ಷ ಇದನ್ನು ಬಿಟ್ಟು ಬದುಕಿದೆನಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು. ಇನ್ನೊಂದು ತಿಂದೆ, ಮತ್ತೊಂದು ತಿಂದೆ. ತಳದ ಎಣ್ಣೆಯನ್ನೂ ಬ್ರೆಡ್ಡಿನಿಂದ ಒರಸಿ ತಿಂದು ಬೆರಳು ನೆಕ್ಕಿದೆ. ಗಲ್ಲದ ಮೇಲೆ ಎಣ್ಣೆ ಇಳಿದರೂ ಗೊತ್ತಾಗಲಿಲ್ಲ. ಒಳಗೆ ಹೆತ್ತವಳು ಉಪವಾಸ ಬಿದ್ದಿದ್ದಾಳೆ, ಇಲ್ಲಿ ನಾನು ಬೆರಳು ಚೀಪುತ್ತಿದ್ದೇನೆ! ನಾಚಿಕೆಯಾಯಿತು, ಆದರೂ ಎರಡನೇ ಡಬ್ಬಿಯ ಮುಚ್ಚಳ ಎಳೆದೆ.

"ನಿಧಾನ ಕಣೆ, ಯಾರೂ ಕಿತ್ಕೊಳ್ಳಲ್ಲ," ಎಂದು ನಗುತ್ತಿದ್ದ ಲುದೊವೀನಕ್ಕ ತಟ್ಟನೆ ನಿಲ್ಲಿಸಿದರು. ಅವರು ನೋಡುತ್ತಿದ್ದ ಕಡೆ ತಿರುಗಿದೆ. ಬಾಗಿಲಲ್ಲಿ ಅಮ್ಮ ನಿಂತಿದ್ದಳು.

ಕಳ್ಳಿಯ ಹಾಗೆ ಎರಡೂ ಕೈಯಿಂದ ಡಬ್ಬಿ ಮುಚ್ಚಿದೆ. ಅಮ್ಮ ನನ್ನ ಕಡೆ ನೋಡಲೂ ಇಲ್ಲ. ಮೂಗರಳಿಸಿ ವಾಸನೆ ಹಿಡಿದಳು, ಮೊಳೆಗೆ ತೂಗುಹಾಕಿದ್ದ ನನ್ನ ಅಡುಗೆಯ ಮೇಲಂಗಿ ತೆಗೆದು ತೊಟ್ಟು ಹಿಂದೆ ಗಂಟು ಹಾಕಿಕೊಂಡಳು, ಮೇಜಿನ ಬಳಿ ಬಂದು ಕೂತು ಕೈ ಚಾಚಿದಳು.

"ಕತ್ತರಿ ಎಲ್ಲಿ?"

ಲುದೊವೀನಕ್ಕ ನನ್ನ ಕೈ ಸರಿಸಿ ಡಬ್ಬಿಯನ್ನು ಅವಳ ಮುಂದೆ ತಳ್ಳಿ, ಗೂಡಿನಿಂದ ಕತ್ತರಿ ತೆಗೆದುಕೊಟ್ಟರು. ಅಮ್ಮ ಡಬ್ಬಿಯೊಳಗೆ ಇಣುಕಿ ಮುಖ ಸಿಂಡರಿಸಿದಳು.

"ಯಾರೇ ಇದನ್ನ ತುಂಬಿದ್ದು? ಬಾಲದ ಕಡೆಗೇ ಬಾಲ ಬಂದಿದೆ. ಕೈಯೋ ಕಾಲೋ ಅದು?"

ಎಲ್ಲವನ್ನೂ ಹೊರಗೆ ತೆಗೆದು ಬಾಲದ ತುದಿ ಕತ್ತರಿಸಿ ಮತ್ತೆ ಜೋಡಿಸತೊಡಗಿದಳು, ಒಂದರ ಬಾಲ ಆ ಕಡೆ, ಇನ್ನೊಂದರ ಬಾಲ ಈ ಕಡೆ. ಲೋಟ ಹಿಡಿದರೆ ನಡುಗುವ ಬೆರಳು ಈಗ ಸ್ವಲ್ಪವೂ ನಡುಗಲಿಲ್ಲ. ನನಗೆ ಆಸೆ ಹುಟ್ಟಿತು. ಒಂದು ಚೂರು ಮುರಿದು ಅವಳ ತುಟಿಯ ಬಳಿ ಒಯ್ದೆ.

"ತಿನ್ನಮ್ಮ."

ಅಮ್ಮ ಬೆಚ್ಚಿಬಿದ್ದು ನನ್ನ ಕೈ ತಳ್ಳಿದಳು. ಕಣ್ಣಲ್ಲಿ ಕಂಡದ್ದು ಹಟವಲ್ಲ, ಹೆದರಿಕೆ. "ಹುಚ್ಚೀ! ಮೇಜಿನ ಮೇಲಿಂದ ಬಾಯಿಗೆ ಹಾಕ್ಕೊಳ್ತಾರಾ? ಮೇಸ್ತ್ರಮ್ಮ ನೋಡಿದ್ರೆ ಕೆಲಸ ಹೋಗುತ್ತೆ!"

"ಮೇಸ್ತ್ರಮ್ಮ ಇಲ್ಲಿಲ್ಲ ಕಣಮ್ಮ."

"ಕಾಣಿಸದೆ ಇದ್ದಾಗ್ಲೇ ಇರ್ತಾಳೆ ಅವಳು," ಎಂದು ಮತ್ತೆ ತಲೆ ತಗ್ಗಿಸಿದಳು.

ನಿಜ ಅಂತೆ. ತುಂಬುವವರು ಒಂದು ಚೂರು ಬಾಯಿಗಿಟ್ಟರೂ ಆ ಕಾಲದಲ್ಲಿ ಮೇಸ್ತ್ರಿ ಹೆಂಗಸು ಅಲ್ಲಿಂದಲೇ ಎಬ್ಬಿಸಿ ಮನೆಗಟ್ಟುತ್ತಿದ್ದಳಂತೆ, ಲುದೊವೀನಕ್ಕ ಪಿಸುಗುಟ್ಟಿದರು. ಅಮ್ಮ ತುಂಬಿ ಮುಗಿಸಿದಳು, ಹೊರಗೆ ತೆಗೆದಳು, ಮತ್ತೆ ತುಂಬಿದಳು. ಕಿಟಕಿಯ ಬೆಳಕು ಮಂಕಾಗುತ್ತ ಬಂತು. ಊಟ ಅವಳ ಬೆರಳ ತುದಿಯಲ್ಲೇ ಇದೆ, ಬಾಯಿಗೆ ಹೋಗುತ್ತಿಲ್ಲ. ನಾಳೆ ಬೆಳಿಗ್ಗೆ ಮಫಾಲ್ದಾ ಬರುತ್ತಾಳೆ. ಮಂಚದ ಸರಳು ಕಣ್ಣ ಮುಂದೆ ಬಂತು.

ಅಷ್ಟರಲ್ಲಿ ಲುದೊವೀನಕ್ಕ ಎದ್ದು, ಬೆನ್ನು ನೆಟ್ಟಗೆ ಮಾಡಿ, ಚಪ್ಪಾಳೆ ತಟ್ಟಿ ಗುಡುಗಿದರು.

"ಕೈ ಓಡಲಿ, ಬಾಯಿ ಮುಚ್ಚಲಿ! ಇದೇನು ನಿಮ್ಮತ್ತೆ ಮನೆಯಾ?"

ಅಮ್ಮ ಕುಗ್ಗಿಹೋದಳು. ನನಗೆ ರಕ್ತ ಕುದಿಯಿತು. "ಅಕ್ಕಾ, ನಿಮಗೇನು ತಲೆ ಕೆಟ್ಟಿದೆಯಾ? ಮೊದಲೇ ಹೆದರಿದಾಳೆ!"

"ತೆಪ್ಪಗಿರು," ಎಂದು ನನಗೆ ಕಣ್ಣು ಮಿಟುಕಿಸಿ ಅವರು ಮತ್ತೆ ದನಿ ಏರಿಸಿದರು. "ಮೀನಿನ ದೋಣಿ ಬಂತಾ ನೋಡ್ತೀನಿ. ಯಾರೂ ಅಲ್ಲಾಡಬಾರದು!" ಹೀಗೆ ಹೇಳಿ ಕಿಟಕಿಯ ಬಳಿ ಹೋಗಿ ನಮಗೆ ಬೆನ್ನು ಹಾಕಿ ನಿಂತರು. ನಮ್ಮ ಕಿಟಕಿಯಿಂದ ಕಾಣುವುದು ಎದುರು ಮನೆಯ ಗೋಡೆ, ಅದರ ಮೇಲೆ ಒಣಗುವ ಬಟ್ಟೆ.

ಆ ಬೆನ್ನನ್ನು ಕಂಡದ್ದೇ ತಡ, ಅಮ್ಮನ ಮುಖ ಬದಲಾಯಿತು. ಓರೆಗಣ್ಣಲ್ಲಿ ಅತ್ತ ನೋಡಿದಳು, ಇತ್ತ ನೋಡಿದಳು. ಹೊಸ ಹುಡುಗಿಯ ತುಂಟತನ ಆ ಸುಕ್ಕುಗಳ ನಡುವೆ ಕಾಣಿಸಿತು. ಕೈ ಚಕ್ಕನೆ ಹೋಗಿ ಚಕ್ಕನೆ ಬಂತು. ಡಬ್ಬಿಯಲ್ಲಿ ಒಂದು ಬೂತಾಯಿ ಇರಲಿಲ್ಲ. ನಾನು ಅವಳ ಬಾಯಿ ನೋಡಿದೆ. ಬಾಯಿ ಅಲ್ಲಾಡಲಿಲ್ಲ. ಮೀನು ಮೇಲಂಗಿಯ ಜೇಬಿಗೆ ಹೋಗಿತ್ತು.

"ಜೇಬಿಗಲ್ಲಮ್ಮಾ, ಬಾಯಿಗೆ!" ಎಂದೆ ಅಳುವ ದನಿಯಲ್ಲಿ.

ಅಮ್ಮ ತುಟಿಗೆ ಬೆರಳಿಟ್ಟಳು. ನನ್ನ ಕಿವಿಯ ಹತ್ತಿರ ಬಗ್ಗಿದಳು. ಎಷ್ಟು ಕಾಲವಾಗಿತ್ತು ಅವಳು ತಾನಾಗಿ ನನ್ನ ಹತ್ತಿರ ಬಂದು! "ಯಾರಿಗೂ ಹೇಳ್ಬೇಡ. ಇದು ನನ್ನ ಮಗಳಿಗೆ. ಬೆಳಿಗ್ಗೆಯಿಂದ ಹಸಿದಿದೆ ಮಗು. ಅದರ ಊಟ ಆಗದೆ ನನಗೆ ಇಳಿಯಲ್ಲ."

ಕಿಟಕಿಯ ಬಳಿಯಿಂದ ಲುದೊವೀನಕ್ಕ ಮಾತಾಡಿದರು, ತಿರುಗದೆ, ಮೇಸ್ತ್ರಮ್ಮನ ದನಿಯನ್ನೂ ಬಿಟ್ಟು.

"ಆವತ್ತೂ ಹೀಗೇ ಜೇಬಿಗೆ ಹಾಕ್ಕೊಂಡ್ಲು. ಗೇಟಿನಲ್ಲಿ ಎಲ್ಲರೆದುರು ಜೇಬು ಬೋರಲು ಹಾಕಿ ಹಿಡಿದ್ರು. ಆ ವರ್ಷದ ಮೀನಿನ ಕಾಲ ಪೂರ್ತಿ ಕೆಲಸಕ್ಕೆ ಸೇರಿಸ್ಲಿಲ್ಲ. ನಿನಗಿನ್ನೂ ನೆಟ್ಟಗೆ ನಡೆಯೋಕೆ ಬರ್ತಿರ್ಲಿಲ್ಲ. ಅವತ್ತಿಂದ ನಿಮ್ಮನೇಗೆ ಡಬ್ಬಿ ಬರ್ಲಿಲ್ಲ. ಹೇಳ್ಬೇಡ ಅಂದಿದ್ಲು, ಹೇಳಿರ್ಲಿಲ್ಲ."

ನನಗೆ ಅಲ್ಲೇ ಅವಳ ಕಾಲ ಮೇಲೆ ಬಿದ್ದು ಅಳಬೇಕೆನಿಸಿತು. ಅತ್ತರೆ ಅವಳು ಹೆದರುತ್ತಾಳೆ, ಹೆದರಿದರೆ ಎಲ್ಲ ಮುಗಿಯಿತು. ತುಟಿ ಕಚ್ಚಿ ಹಿಡಿದು ನಾನೂ ಅವಳ ಹಾಗೆ ಪಿಸುಗುಟ್ಟಿದೆ.

"ನಿಮ್ಮ ಮಗಳದ್ದು ಊಟ ಆಯ್ತು."

"ಸುಳ್ಳು."

"ದೇವರಾಣೆ. ನಾನೇ ನೋಡ್ದೆ."

"ಏನು ತಿಂತು?"

"ಬೂತಾಯಿ. ಇಂಥದ್ದೇ. ಬ್ರೆಡ್ಡಿನ ಮೇಲಿಟ್ಕೊಂಡು ಒಂದು ಡಬ್ಬಿ ಪೂರ್ತಿ."

ಅಮ್ಮನ ಕಣ್ಣು ಕಿರಿದಾಯಿತು. ಅಷ್ಟು ಸುಲಭಕ್ಕೆ ನಂಬುವವಳಲ್ಲ. "ಮೊದಲನೇ ಸಲ ಅದು ತಿನ್ನೋದು. ಖಾರ ಅಂದಿರುತ್ತೆ. ಉಗುಳಿರುತ್ತೆ."

"ಇಲ್ಲಮ್ಮ, ತುಂಬ ಇಷ್ಟ ಆಯ್ತು," ಎಂದೆ. ಈ ಮಾತಿಗೆ ನನ್ನಷ್ಟು ಬಲವಾದ ಸಾಕ್ಷಿ ಇನ್ಯಾರಿದ್ದಾರೆ? "ಮುಳ್ಳು ಸಮೇತ ಅಗಿದ್ಲು. ಖಾರಕ್ಕೆ ಮೂಗು ಒರಸ್ಕೊಂಡು ಮತ್ತೊಂದು ತಗೊಂಡ್ಲು. ಎಣ್ಣೆನೂ ಬಿಡ್ಲಿಲ್ಲ, ಬ್ರೆಡ್ಡಿಂದ ಒರಸಿ ತಿಂದು ಬೆರಳು ನೆಕ್ಕಿದ್ಲು. ಎರಡನೇದಕ್ಕೂ ಕೈ ಹಾಕಿದ್ಲು."

"ಹೊಟ್ಟೆ ತುಂಬ್ತಾ?"

"ತುಂಬ್ತು."

ಅಮ್ಮ ನನ್ನನ್ನೇ ದಿಟ್ಟಿಸಿದಳು. ನನಗೆ ರೆಪ್ಪೆ ಬಡಿಯಲೂ ಭಯ. ಆಮೇಲೆ ಮೇಲಂಗಿಯ ತುದಿ ಎತ್ತಿ ನನ್ನ ಗಲ್ಲದ ಮೇಲಿನ ಎಣ್ಣೆಯನ್ನು ಒರಸಿದಳು, ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ, ಒತ್ತಿ. ಜೇಬಿನಿಂದ ಆ ಬೂತಾಯಿ ತೆಗೆದು ತನ್ನ ಬಾಯಿಗೆ ಹಾಕಿಕೊಂಡಳು.

ಅಗಿದಳು. ನುಂಗಿದಳು. ಗಂಟಲು ಏರಿ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ.

"ಅಕ್ಕಾ, ಈ ಕಡೆ ತಿರುಗ್ಬೇಡಿ," ಎಂದೆ.

ಕಿಟಕಿಯ ಬಳಿ ಲುದೊವೀನಕ್ಕನ ಭುಜ ಅಲ್ಲಾಡುತ್ತಿತ್ತು. ಮೂಗು ಏರಿಸಿಕೊಂಡು, ಗಂಟಲು ಸರಿಮಾಡಿಕೊಂಡು, ಎದುರು ಮನೆಯ ಗೋಡೆ ನೋಡುತ್ತಲೇ ಮೇಸ್ತ್ರಮ್ಮನ ಗತ್ತಿನಲ್ಲಿ ಹೇಳಿದರು: "ಹಾಳಾದ ದೋಣಿ, ಇನ್ನೂ ಕಾಣಿಸ್ತಾ ಇಲ್ಲ."

ಅಮ್ಮ ಇನ್ನೊಂದು ಬೂತಾಯಿಗೆ ಕೈ ಹಾಕಿದಳು.