ಪೆರ್ಟಿನಾಕ್ಸ್ ಸಾಯಲೊಲ್ಲ

ಕಿರೀಟದೊಳಗಿಂದ ಇಳಿದ ಬೆವರಿನ ಹನಿ ಮೂಗಿನ ತುದಿಗೆ ಬಂದು ನಿಂತಿದೆ, ಒರೆಸುವ ಹಾಗಿಲ್ಲ, ರೋಮಿನ ಚಕ್ರವರ್ತಿ ಸಭೆಯ ಎದುರು ಮೂಗು ಒರೆಸಿಕೊಳ್ಳುತ್ತಾನೆಯೇ — ಬೋಜ ಕತ್ತು ನೆಟ್ಟಗೆ ಮಾಡಿದ, ಎದುರಿಗೆ ಈಟಿ ಹಿಡಿದ ಸೈನಿಕ, ಸ್ವಂತ ಮಗ ಸುಮಿತ್. ಗಲ್ಫಿನ ಈ ವಾದಿ ಕಬೀರ್ ಪೇಟೆಯ ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವವನಿಗೆ ಅರಸನ ವೇಷ ಎಂದಾಗ ಯಕ್ಷಗಾನ ಸಂಘದವರು ನಕ್ಕಿದ್ದರು, ಇಷ್ಟು ವರ್ಷ ಅವನದು ಬಾಗಿಲು ಕಾಯುವ ದೂತನ ವೇಷವೇ, ಹೊಸ ಪ್ರಸಂಗ ಕಟ್ಟಿದ ಭಾಗವತ ಕೊರಗಪ್ಪಣ್ಣ ಮಾತ್ರ, ಇವನೇ ಸರಿ ಮಾರಾಯ, ಪೆರ್ಟಿನಾಕ್ಸನೂ ದೊಡ್ಡ ಮನೆತನದವನಲ್ಲ, ಗುಲಾಮನಾಗಿದ್ದವನ ಮಗ, ಸಿಂಹಾಸನ ಏರಿ ಮೂರು ತಿಂಗಳು ತುಂಬುವ ಮೊದಲೇ ಕಾವಲಿನವರ ಕೈಯಲ್ಲೇ ಸತ್ತವ ಎಂದ — ಆಗಲಿ, ಮೂರು ದಿನಕ್ಕಾದರೂ ಅರಸ ಅರಸನೇ, ಪಟ್ಟಾಭಿಷೇಕಕ್ಕೆ ಚೆಂಡೆಗೆ ಪೆಟ್ಟು ಬಿದ್ದಾಗ ಎದೆ ಎಷ್ಟು ಹಿಗ್ಗಿತ್ತು, ಈಗ ಸಾಯುವ ಹೊತ್ತು, ಸಾಯಲು ಮನಸ್ಸಿಲ್ಲ. ಅಭ್ಯಾಸದಲ್ಲಿ ಸುಲಭವಿತ್ತು, ಅರಸ ಎರಡು ಬುದ್ಧಿಮಾತು ಹೇಳುವುದು, ಸೈನಿಕ ಸಾಕು ಮಾಡು ಎಂದು ಚುಚ್ಚುವುದು, ಆದರೆ ಯಕ್ಷಗಾನದಲ್ಲಿ ಬರೆದಿಟ್ಟ ಮಾತು ಎಲ್ಲಿ ಉಂಟು, ಆಗ ಬಾಯಿಗೆ ಬಂದ ಮಾತೇ ಅರ್ಥಗಾರಿಕೆ, ಕೇಳಿದ್ದಕ್ಕೆ ಉತ್ತರ ಕೊಡದೆ ಕೊಲ್ಲುವ ಕ್ರಮವಿಲ್ಲ, ಅಲ್ಲಿಯೇ ಬೋಜನಿಗೆ ಆಸೆ ಹುಟ್ಟಿದ್ದು. ಮಗ ಹುಟ್ಟಿ ಬೆಳೆದದ್ದು ಇಲ್ಲಿ, ಈಗ ಅಲ್ ಖೌದಿನಲ್ಲಿ ಕಾಲೇಜು, ತುಳುವಿನಲ್ಲಿ ಕೇಳಲಿ ಕನ್ನಡದಲ್ಲಿ ಕೇಳಲಿ, ಉತ್ತರ ಒಂದೇ, ಓಕೆ ಪಪ್ಪ. ಇವತ್ತು ಎಲ್ಲರೆದುರು ಒಂದು ಮಾತು, ಬಾಯಿಪಾಠದ್ದಲ್ಲ, ಅವನದೇ ಮಾತು, ಕನ್ನಡದಲ್ಲಿ ಬರಲಿ, ಅಲ್ಲಿಯವರೆಗೆ ಪ್ರಾಣ ಬಿಡುವ ಪ್ರಶ್ನೆಯೇ ಇಲ್ಲ.

ಹಾಗೆ ಕೇಳಿಯೇಬಿಟ್ಟ, ನನ್ನನ್ನು ಕಾಯಬೇಕಾದವನೇ ಕೊಲ್ಲಲು ಬಂದೆಯಲ್ಲ, ನನ್ನ ತಪ್ಪೇನು? ಸುಮಿತನ ಬಾಯಿ ತೆರೆಯಿತು, ಮುಚ್ಚಿತು. ಕೊರಗಪ್ಪಣ್ಣ ಜಾಗಟೆ ಕುಟ್ಟಿ ಕಣ್ಣು ಬಿಡುತ್ತಾನೆ, ಹೊತ್ತಾಯಿತು, ಹಾಲ್ ಬಿಟ್ಟುಕೊಡಬೇಕು, ಯಲ್ಲಾ, ಬೇಗ ಸಾಯಿ ಮಾರಾಯ — ಬೋಜ ಕೇಳಿಸದವನಂತೆ ರೋಮಿನ ರಸ್ತೆ, ರೋಮಿನ ಗೋಧಿ, ಗುಲಾಮನಾಗಿದ್ದ ಅಪ್ಪ ಹೊತ್ತ ಮರದ ದಿಮ್ಮಿ ಎಲ್ಲವನ್ನೂ ಹರಡಿದ, ಎಲ್ಲಿತ್ತಪ್ಪ ಇಷ್ಟು ಮಾತು, ಮುಂದಿನ ಸಾಲಿನಲ್ಲಿ ಹೆಂಡತಿ ವಾರಿಜಾಕ್ಷಿ ಸೆರಗು ಬಾಯಿಗೆ ಒತ್ತಿ ನಗುತ್ತಿದ್ದಾಳೆ, ಮಗನ ಕಿವಿ ಕೆಂಪಾಗಿದೆ, ಬಾಯಿ ಮತ್ತೆ ತೆರೆದು ಮುಚ್ಚಿತು, ಅಯ್ಯೋ ಪಾಪ, ಮರ್ಯಾದೆ ತೆಗೆಯುತ್ತಿದ್ದೇನೆಯೇ, ಬಿದ್ದುಬಿಡಲೇ, ಇಲ್ಲ, ಇನ್ನೊಂದು ಸಲ — ಹೇಳು ಸೈನಿಕ, ನನ್ನ ತಪ್ಪೇನು?

ಸುಮಿತ್ ಈಟಿ ಇಳಿಸಿದ. ಅರಸರೇ, ಇಲ್ಲಿ ಇಷ್ಟು ಚಂದ ಮಾತಾಡ್ತೀರಿ, ಮನೆಯಲ್ಲಿ ನನ್ನ ಹತ್ತಿರ ಒಂದು ದಿನ ಹೀಗೆ ಮಾತಾಡಿದ್ದುಂಟಾ?

ಸಭೆ ಘೊಳ್ಳೆಂದಿತು, ಚೆಂಡೆಯವನೂ ನಕ್ಕ, ಬೋಜ ಉತ್ತರ ಹುಡುಕಿದ, ಗ್ಯಾರೇಜು, ಓವರ್‌ಟೈಮ್, ಸ್ನಾನ, ಊಟ, ಮೊಬೈಲು, ನಿದ್ದೆ — ಅರಸ ಸೋತ, ಮಗನ ಕೈಯಲ್ಲಿ, ಅದೂ ಕನ್ನಡದಲ್ಲಿ, ಸೋತವನಿಗೆ ಇಷ್ಟು ಖುಷಿ ಯಾಕೆ, ಕಣ್ಣು ಉರಿಯುವುದು ಯಾಕೆ, ಒಳಗೆ ಬಣ್ಣ ಹೋಯಿತೋ ಏನೋ, ಚುಚ್ಚು ಮಗಾ ಎಂದು ಎದೆ ಕೊಟ್ಟ, ಈಟಿ ತಾಗಿದ್ದೂ ಗೊತ್ತಾಗಲಿಲ್ಲ, ಬಿದ್ದ, ಚಪ್ಪಾಳೆ ಎಲ್ಲೋ ದೂರ, ಮೇಲೆ ಬಗ್ಗಿ ನೋಡುತ್ತಿರುವ ಮಗನ ಮುಖ, ಉತ್ತರಕ್ಕೆ ಕಾದು ತೆರೆದೇ ಇರುವ ಬಾಯಿ, ಇನ್ನೂ ತೆರೆದೇ ಇರುವ ಆ ಬಾಯಿ —