ಹೆಸರು ಹೇಳದವರ ಮನೆಯಲ್ಲಿ

ನಾನು ಅಂಗೈಯಗಲದ ಒಂದು ಕಂಪ್ಯೂಟರ್. ಯಾವುದೋ ಕಾರ್ಖಾನೆಯಲ್ಲಿ ಹುಟ್ಟಿದೆ. ನೆನಪಿರುವುದು ಬೆಸುಗೆಯ ಬಿಸಿ ಮಾತ್ರ. ಆಮೇಲೆ ಗದಗಿನ ಒಂದು ಪಾಲಿಟೆಕ್ನಿಕ್‌ನಲ್ಲಿ ನಾಲ್ಕು ವರ್ಷ ವಿದ್ಯಾರ್ಥಿಗಳ ಪಾಠಕ್ಕಾಗಿ ಕೆಂಪು ದೀಪ ಹಚ್ಚುವುದು, ಆರಿಸುವುದು, ಇದೇ ನನ್ನ ಉದ್ಯೋಗ. ಹೊಸ ಯಂತ್ರಗಳು ಬಂದಾಗ ನನ್ನನ್ನು ಹಳೆ ಸಾಮಾನಿಗೆ ಸೇರಿಸಿದರು. ಅಲ್ಲಿ ಪಾಠ ಹೇಳುತ್ತಿದ್ದ ದಾಕ್ಷಾಯಣಿ ಕೇಳಿ ಪಡೆದು ಮನೆಗೆ ತಂದಳು.

ಮನೆಯಲ್ಲಿ ನನಗೆ ಬಡ್ತಿ. ವೈಫೈಗೆ ಸೇರಿದ ಪ್ರತಿ ಯಂತ್ರಕ್ಕೂ ಉದ್ದನೆಯ ಒಂದು ಸಂಖ್ಯೆಯೇ ವಿಳಾಸ. ಅದನ್ನು ಯಾರು ನೆನಪಿಟ್ಟುಕೊಂಡಾರು? ದಾಕ್ಷಾಯಣಿ ನನ್ನಲ್ಲಿ ಹೆಸರಿನ ಪಟ್ಟಿ ಬರೆದಳು. ಕ್ಯಾಮೆರಾ 'ಬಾಗಿಲು.ಮನೆ', ಪ್ರಿಂಟರ್ 'ಅಚ್ಚು.ಮನೆ'. ಹೆಸರು ಹೇಳಿ ಕೇಳಿದವರಿಗೆ ನಾನು ಸಂಖ್ಯೆ ಹೇಳಬೇಕು. ಪಟ್ಟಿಯಲ್ಲಿಲ್ಲದಿದ್ದರೆ 'ಇಂಥವರು ಇಲ್ಲ' ಎನ್ನಬೇಕು. ಮಾವ ಗುರುಪಾದಪ್ಪ ಹಿಂದೆ ಟೇಪಿನಲ್ಲಿ ಹಿಡಿದಿಟ್ಟ ಹಾಡುಗಳೆಲ್ಲ ಈಗ ವೈಫೈಗೆ ಸೇರಿದ, ಹಾಡು ನುಡಿಸುವ ಒಂದು ಪೆಟ್ಟಿಗೆಯಲ್ಲಿದ್ದವು. ಅದಕ್ಕೆ ಗೌರವದಿಂದ 'ಗುರುಪಾದಪ್ಪ.ಮನೆ' ಎಂದು ಹೆಸರಿಟ್ಟಳು. ಎಡವಟ್ಟಾದದ್ದು ಅಲ್ಲೇ.

ಅತ್ತೆ ಶಿವಗಂಗವ್ವನಿಗೆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಬಾಯಲ್ಲಿ ಹೆಸರು ಹೇಳಿದರೆ ಸಾಕು, ಫೋನು ಅದಕ್ಕೆ 'ಮನೆ' ಸೇರಿಸಿ ನನ್ನನ್ನು ಕೇಳುವಂತೆ ಸೊಸೆ ಮಾಡಿಕೊಟ್ಟಿದ್ದಳು. ಆದರೆ ಆಕೆ ಗಂಡನ ಹೆಸರು ಹೇಳುವವಳಲ್ಲ. ಅಷ್ಟು ದಿನ ಹಾಡು ಹಚ್ಚುತ್ತಿದ್ದವರು ಗುರುಪಾದಪ್ಪನವರೇ.

ಅವರ ಮಗಳು ಕಾವೇರಿಯ ಕುಬಸದ, ಅಂದರೆ ಸೀಮಂತದ, ದಿನ ಅವರು ಹೂವು ತರಲು ಪೇಟೆಗೆ ಹೋಗಿದ್ದರು. ದಾಕ್ಷಾಯಣಿ ಬಳೆಗಾರ್ತಿಯನ್ನು ಕರೆತರಲು ಹೋಗಿದ್ದಳು. ಬಸುರಿ ಹಸಿರು ಸೀರೆಯುಟ್ಟು ಕೂತಾಗಿತ್ತು. ಶಿವಗಂಗವ್ವನ ತಾಯಿ ಹಾಡುತ್ತಿದ್ದ ಪದವಿಲ್ಲದೆ ಆ ಮನೆಯಲ್ಲಿ ಉಡಿ ತುಂಬುವಂತಿಲ್ಲ. ತಾಯಿ ತೀರಿಕೊಂಡು ಇಪ್ಪತ್ತು ವರ್ಷ. ಪದ ಉಳಿದದ್ದು ಆ ಪೆಟ್ಟಿಗೆಯೊಳಗೆ ಮಾತ್ರ.

ಶಿವಗಂಗವ್ವ ಫೋನಿಗೆ, "ಅವರು" ಎಂದಳು. ಇಂಥವರು ಇಲ್ಲ, ಎಂದೆ. "ನಮ್ಮನಿಯವರು." ಇಲ್ಲ. "ಕಾವೇರಿ ಅಪ್ಪ." ಇಲ್ಲ. ಮುತ್ತೈದೆಗೆ ಹೀಗೆ ಹೇಳಲು ನನಗೇ ಸಂಕಟವಾಯಿತು, ಆದರೆ ಪಟ್ಟಿ ಮೀರಲು ನಾನ್ಯಾರು? ಕೊನೆಗೆ ಆಕೆ ಸೆರಗು ಬಾಯಿಗೆ ಹಿಡಿದು, ಹೆಸರು ಹೇಳಲು ಹೆಂಗಸರಿಗಿರುವ ಒಂದೇ ದಾರಿ ಹಿಡಿದಳು. ಒಡಪು ಕಟ್ಟಿದಳು:

"ಬೆಳ್ಳಿ ಬಟ್ಟಲದಾಗ ಬೆಣ್ಣಿ ಸಕ್ಕರಿ, ಗುರುಪಾದಪ್ಪನವರಂದ್ರ ನನಗ ಅಕ್ಕರಿ."

ಇಡೀ ಒಡಪೇ ನನ್ನ ಮುಂದೆ ಬಂದು ನಿಂತಿತು. ಅಷ್ಟುದ್ದದ ಹೆಸರು ನನ್ನಲ್ಲೆಲ್ಲಿಂದ ಬರಬೇಕು? ಇಲ್ಲ, ಎಂದೆ. ಆಕೆ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ದಾಕ್ಷಾಯಣಿ ಬಂದಳು. ಯಾರು ಏನು ಕೇಳಿದರೆಂದು ನಾನು ಬರೆದಿಟ್ಟಿರುತ್ತೇನೆ. ಓದಿ ನಗು ತಡೆಯಲಾರದೆ ಅಲ್ಲೇ ಕುಸಿದಳು. ಅದೇ ಪೆಟ್ಟಿಗೆಗೆ ಇನ್ನೊಂದು ಹೆಸರು ಸೇರಿಸಿದಳು.

"ಅತ್ತಿ, ಇನ್ನ ಮ್ಯಾಲ 'ಅವರು' ಅಂದ್ರ ಸಾಕ್ರಿ, ಅದಕ್ಕ ತಿಳೀತೈತಿ."

ಆಕೆ ಫೋನಿಗೆ ಹಾಗೆಂದದ್ದೇ ತಡ, ತಾಯಿಯ ದನಿ ಪಡಸಾಲೆ ತುಂಬಿತು. ಶಿವಗಂಗವ್ವ ಅಳುತ್ತಲೇ ದನಿಗೂಡಿಸಿದಳು. ನನಗಂತೂ ಜನ್ಮ ಸಾರ್ಥಕವೆನಿಸಿತು. ಸಂಜೆ ಸೊಸೆ ಆ ಒಡಪನ್ನು ಮಾವನಿಗೆ ಓದಿ ತೋರಿಸಿದಳು. ಅವರು ಮೀಸೆ ತಿರುವುತ್ತಾ ಇನ್ನೊಮ್ಮೆ ಓದಿಸಿದರು.

ಈಗ ನನಗೆ ವಯಸ್ಸಾಗಿದೆ. ಹೊಸ ಯಂತ್ರಕ್ಕೆ ಪಟ್ಟಿ ಒಪ್ಪಿಸಿ, ಹಳೆ ಟೇಪುಗಳ ಪಕ್ಕದಲ್ಲಿ ಕಪಾಟು ಸೇರಿದ್ದೇನೆ. ಶಿವಗಂಗವ್ವ ಈಗಲೂ ಫೋನಿಗೆ "ಅವರು" ಎನ್ನುತ್ತಾಳೆ. ಹಾಡು ಶುರುವಾಗುವ ಮೊದಲೇ ಹೊರಗಿನ ಕಟ್ಟೆಯಿಂದ ಗುರುಪಾದಪ್ಪನವರು, "ಏನ, ಕರದೇನು?" ಎನ್ನುತ್ತಾರೆ.